ಎಡಗಡೆ ಸ್ಟೇರಿಂಗಿನ ಕಾರಿನಲ್ಲಿ ಬಲಗಡೆ ಕೂತವಳು

ನಮ್ಮ ಮಾವನವರ ಹತ್ತಿರ ಒಂದು ಅಮೆರಿಕಾ ಕಾರಿತ್ತು ಎಂದರೆ, ನಾನೇನೋ ಅರಮನೆಗೆ ಸೊಸೆಯಾಗಿ ಹೋದೆ ಎಂದು ಈಗಿನ ಹುಡುಗಿಯರು ತಿಳಿಯುತ್ತಾರೆ. ಅಂಥದ್ದೇನಿಲ್ಲ. ಮಾಂಬಳ್ಳಿಯ ರೈತರ ಮನೆಯಿಂದ ಕೊಳ್ಳೇಗಾಲದ ರೇಷ್ಮೆಗೂಡಿನ ವ್ಯಾಪಾರಿಯ ಮನೆಗೆ ಬಂದವಳು ನಾನು. ಆ ಮನೆಯಲ್ಲಿ ಗೂಡಿನ ವಾಸನೆ ಮೊದಲು ಸೀರೆಗೆ ಹತ್ತುತ್ತಿತ್ತು, ಆಮೇಲೆ ತಲೆಗೂದಲಿಗೆ, ಕೊನೆಗೆ ಸಾರಿಗೂ. ಹಿತ್ತಲ ಕೊಟ್ಟಿಗೆಯಲ್ಲಿ ಎರಡು ಹಸುಗಳ ಪಕ್ಕದಲ್ಲಿ ಆ ಕಾರು ನಿಂತಿತ್ತು. ಹಸುಗಳು ಅದರ ಬಾನೆಟ್ಟನ್ನು ನೆಕ್ಕಿ ನೆಕ್ಕಿ ಒಂದು ಕಡೆ ಬಣ್ಣ ಮಾಸಿತ್ತು.

ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ತಯಾರಾದ ಕಾರು ಅದು. ಯಾರೋ ಪರದೇಶದವರ ಜೊತೆ ಹಡಗಿನಲ್ಲಿ ಮದರಾಸಿಗೆ ಬಂದು, ಅಲ್ಲಿಂದ ಯಳಂದೂರಿನ ಆಚೆ ಬೆಟ್ಟದ ಮೇಲೆ ಕಾಫಿ ತೋಟ ಮಾಡಿದ್ದವರೊಬ್ಬರ ಕೈ ಸೇರಿ, ಅವರು ತೋಟ ಮಾರಿ ಹೊರಟಾಗ ನಮ್ಮ ಮಾವನ ಕೊರಳಿಗೆ ಬಿದ್ದಿತ್ತು. ಕಡು ಹಸಿರು ಬಣ್ಣ, ನಾಲ್ಕು ಬಾಗಿಲು, ಎರಡು ತುಂಡಿನ ಮುಂದಿನ ಗಾಜು. ಇಂಥದ್ದು ಮೈಸೂರಿನಲ್ಲೂ ಇನ್ನೊಂದಿಲ್ಲ ಎಂದು ಬಸ್ ಸ್ಟ್ಯಾಂಡಿನ ಮೆಕ್ಯಾನಿಕ್ ಹೇಳಿದ್ದನ್ನು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ಇನ್ನೊಂದಿಲ್ಲ ಎಂದರೆ ಅದರ ಬಿಡಿಭಾಗವೂ ಎಲ್ಲಿಯೂ ಸಿಗುವುದಿಲ್ಲ ಎಂದು ಅರ್ಥ. ಅದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಎಂಜಿನ್ನಿಗೆ ಏನೂ ಆಗಿರಲಿಲ್ಲ, ಪುಣ್ಯ. ಬೇಕಿದ್ದದ್ದೆಲ್ಲ ಸಣ್ಣಪುಟ್ಟ ರಿಪೇರಿ. ಹಾರನ್ ಸತ್ತಿತ್ತು. ತಿರುವಿನಲ್ಲಿ ಮಿನುಗಬೇಕಾದ ದೀಪಗಳು ಮಿನುಗುತ್ತಿರಲಿಲ್ಲ. ಹಿಂದಿನ ಬಲಬಾಗಿಲಿನ ಗಾಜು ಇಳಿಸುವ ಹಿಡಿ ಮುರಿದು, ಗಾಜು ಏರಿದ ಕಡೆಯೇ ನಿಂತುಬಿಟ್ಟಿತ್ತು. ಒಳಗಡೆ ತಲೆಯ ಮೇಲೆ ಬಿಗಿದಿದ್ದ ಬೂದು ಬಟ್ಟೆ ಹರಿದು ಜೋಲಾಡುತ್ತಿತ್ತು. ಮಾವ ಬಿಡುವಾದಾಗೆಲ್ಲ ಒಂದೊಂದನ್ನೇ ಸರಿ ಮಾಡಿಸುತ್ತಿದ್ದರು. ಮೂಗಿಗಿಂತ ಮೂಗುತಿ ಭಾರ ಎಂದು ಅತ್ತೆ ಗೊಣಗುತ್ತಿದ್ದರು.

ಗೊಣಗುತ್ತಿದ್ದ ಅತ್ತೆಯೇ ತಲೆಯ ಮೇಲಿನ ಬಟ್ಟೆಯ ವಿಷಯದಲ್ಲಿ ನಡುವೆ ಬಂದರು. ಮಾವ ಅದೇ ಥರದ ಬೂದು ಬಟ್ಟೆಯೊಂದನ್ನು ತಂದಿದ್ದರು. "ಅಂಚಿಲ್ದ ಬಟ್ಟ ಕೆಳಗ ಮುತ್ತೈದೇರು ಕೂರದುಂಟಾ? ಇದ್ಯಾನು ಕಾರಾ, ಚಟ್ಟವಾ?" ಎಂದು ಕೇಳಿ ಅದನ್ನು ವಾಪಸ್ಸು ಕಳಿಸಿದರು. ನೇಯ್ಗೆಯವರ ಬೀದಿಗೆ ಹೇಳಿಕಳಿಸಿದ್ದಾಯಿತು. ನೇಯುವವರು ಕಾರಿನ ಅಳತೆ ಕೇಳಿದರೂ ಕೈ ಕಲಿತದ್ದನ್ನೇ ಮಾಡಿದರು, ಎರಡೂ ಕಡೆ ಅಂಚು, ಒಂದು ತುದಿಗೆ ಸೆರಗು. ದರ್ಜಿ ಅದನ್ನು ಬಿಗಿಯುವಾಗ ಸೆರಗು ಸರಿಯಾಗಿ ಮಾವನ ತಲೆಯ ಮೇಲೆ ಬಂತು. ಸಾಹುಕಾರ್ರು ಸೆರಗು ಹೊದ್ದುಕೊಂಡು ಕಾರು ಬಿಡುತ್ತಾರೆ ಎಂದು ಪೇಟೆಯೆಲ್ಲ ನಕ್ಕಿತು. ಮಾವನೂ ನಕ್ಕರು, ಬದಲಾಯಿಸಲಿಲ್ಲ.

ಆದರೆ ಯಾವ ರಿಪೇರಿಯಿಂದಲೂ ಸರಿಹೋಗದ್ದೊಂದಿತ್ತು. ಆ ಕಾರಿನ ಸ್ಟೇರಿಂಗ್ ಎಡಗಡೆ ಇತ್ತು. ನಮ್ಮ ರಸ್ತೆಯಲ್ಲಿ ಎಡಗಡೆ ಕೂತು ಓಡಿಸುವವನಿಗೆ ಮುಂದೆ ಹೋಗುವ ಗಾಡಿಯ ಆಚೆ ಏನಿದೆ ಎಂದು ಕಾಣುವುದಿಲ್ಲ. ಆ ಗಾಡಿಯನ್ನು ಹಿಂದೆ ಹಾಕಬೇಕಾದರೆ ಬಲಗಡೆ ಕೂತವರು ನೋಡಿ "ಬನ್ನಿ" ಎನ್ನಬೇಕು. ಮೊದಮೊದಲು ಅಂಗಡಿಯ ಆಳೊಬ್ಬ ಆ ಕೆಲಸಕ್ಕೆ ಮುಂದೆ ಕೂರುತ್ತಿದ್ದ. ಕಾರು ಹತ್ತಿದೊಡನೆ ಅವನಿಗೆ ನಿದ್ದೆ. ಒಮ್ಮೆ ನಿದ್ದೆಗಣ್ಣಿನಲ್ಲೇ "ಬನ್ನಿ" ಎಂದು ಇಬ್ಬರೂ ಸಾಯುತ್ತಿದ್ದರಂತೆ. ಅಂದಿನಿಂದ ಮುಂದಿನ ಸೀಟಿನಲ್ಲಿ ಗೂಡಿನ ಮೂಟೆಗಳು ಕೂರುತ್ತಿದ್ದವು, ಮಾವ ಎತ್ತಿನ ಗಾಡಿಗಳ ಹಿಂದೆ ನಿಧಾನಕ್ಕೆ ಬರುತ್ತಿದ್ದರು.

ಈಗ ನನ್ನ ಕಥೆ. ಮದುವೆಗೆ ಮುಂಚೆ ನಾನು ಮೇಷ್ಟರ ಟ್ರೈನಿಂಗ್ ಮುಗಿಸಿದ್ದೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ಹನೂರಿನ ಮಿಡ್ಲ್ ಸ್ಕೂಲಿಗೆ ಆರ್ಡರ್ ಬಂತು. ನನಗೆ ಸ್ವರ್ಗವೇ ಕೈಗೆ ಸಿಕ್ಕ ಹಾಗಾಯಿತು. ಮಾವನಿಗೆ ಅಭ್ಯಂತರವಿರಲಿಲ್ಲ. ನಮ್ಮ ಯಜಮಾನರು ಪೇಟೆಯ ಅಂಗಡಿ ನೋಡಿಕೊಳ್ಳುತ್ತಿದ್ದರು, ಅಮ್ಮ ಹೇಳಿದ ಹಾಗೆ ಎಂದುಬಿಟ್ಟರು. ಮಾರನೆಯ ದಿನ ಅತ್ತೆ ಕಾಳು ಆರಿಸುತ್ತ ಹೇಳಿದರು: "ಓಗವ್ವ. ಆದ್ರ ಸಂಜ ದೀಪ ಹಚ್ಚೋ ಹೊತ್ಗ ನೀ ಮನೇಲಿರ್ಬೇಕು. ನಮ್ಮನೇಲಿ ದೀಪ ಹಚ್ಚೋಳು ಸೊಸೆ. ನಮ್ಮತ್ತೇನೂ ಅಂಗೇ ಮಾಡ್ದ್ರು, ನಾನೂ ಅಂಗೇ ಮಾಡ್ದಿ. ಯಾವತ್ತು ದೀಪ ತಪ್ತದೋ ಅವತ್ತು ಕೆಲ್ಸಾನೂ ತಪ್ತು ಅಂತ ತಿಳ್ಕ."

ಬೆಳಿಗ್ಗೆ ಹೋಗಲು ಬಸ್ಸಿತ್ತು. ಸಂಜೆಯ ಬಸ್ಸು ಬೆಟ್ಟದ ಕಡೆಯಿಂದ ಬರುವಾಗ ಅದರ ಇಷ್ಟ, ಅನೇಕ ದಿನ ಕತ್ತಲಾದ ಮೇಲೆಯೇ ಬರುತ್ತಿತ್ತು. ಮಾವ ಅಜ್ಜೀಪುರ, ಲೊಕ್ಕನಹಳ್ಳಿ ಕಡೆಗೆಲ್ಲ ಗೂಡು ಕೊಳ್ಳಲು ಹೇಗೂ ಹೋಗುತ್ತಿದ್ದರು. ವಾಪಸ್ಸು ಬರುವಾಗ ಸ್ಕೂಲಿನ ಮುಂದೆ ಕಾರು ನಿಲ್ಲಿಸುವುದೆಂದು ಗೊತ್ತಾಯಿತು. ಗೊತ್ತು ಮಾಡಿದ್ದು ಮಾವನೇ. ಆದರೆ ಅವರು ನನಗೆ ಹೇಳಲಿಲ್ಲ, ಅತ್ತೆಗೆ ಹೇಳಿದರು, ಅತ್ತೆ ನನಗೆ ಹೇಳಿದರು. ಏಕೆಂದರೆ ಆ ಮನೆಯಲ್ಲಿ ಸೊಸೆ ಮಾವನ ಮುಂದೆ ಬಾಯಿ ಬಿಡುವ ಪದ್ಧತಿಯಿರಲಿಲ್ಲ. ಎದುರಿಗೆ ಕೂರುವ ಹಾಗೂ ಇಲ್ಲ, ಅವರು ಹಜಾರಕ್ಕೆ ಬಂದರೆ ನಾನು ಒಳಮನೆಗೆ. ಊಟಕ್ಕೆ ಎಬ್ಬಿಸಬೇಕಾದರೆ ಲೋಟವನ್ನು ನೆಲಕ್ಕೆ ಸದ್ದಾಗುವಂತೆ ಇಡಬೇಕಿತ್ತು. ನನಗೆ ಇದೆಲ್ಲ ಉರಿಯುತ್ತಿತ್ತು, ಆದರೂ ಹೊಸ ಸೊಸೆ, ಬಾಯಿ ಮುಚ್ಚಿಕೊಂಡಿದ್ದೆ.

ಹಾಗಾಗಿ ಕಾರಿನಲ್ಲಿ ಗೂಡಿನ ಮೂಟೆ ಮುಂದೆ, ಸೊಸೆ ಹಿಂದೆ. ಹನೂರಿನಿಂದ ಕೊಳ್ಳೇಗಾಲಕ್ಕೆ ಸಂಜೆ ಬರುವಾಗ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಆ ಹೊತ್ತಿಗೇ ಹೊಲದಿಂದ ಗಾಡಿಗಳು ಊರ ಕಡೆಗೆ ಹೊರಡುತ್ತವೆ. ಮೊದಲ ದಿನವೇ ಒಂದು ಹುಲ್ಲಿನ ಗಾಡಿ ಸಿಕ್ಕಿತು. ಹುಲ್ಲು ಅರ್ಧ ರಸ್ತೆಗೆ ಹರಡಿಕೊಂಡಿತ್ತು. ಮಾವ ಬಲಕ್ಕೆ ಬಗ್ಗಿದರು, ಎಡಕ್ಕೆ ಬಗ್ಗಿದರು, ಏನೂ ಕಾಣಲಿಲ್ಲ. ಬಲಗಡೆ ಕೂತ ನನಗೆ ರಸ್ತೆ ಕಾಮಗೆರೆಯವರೆಗೂ ಖಾಲಿ ಕಾಣುತ್ತಿತ್ತು. ಹೇಳುವುದು ಹೇಗೆ? ಸೂರ್ಯ ಇಳಿಯುತ್ತಿದ್ದಾನೆ, ಮನೆಯಲ್ಲಿ ದೀಪ ಕಾಯುತ್ತಿದೆ, ನನ್ನ ಬಾಯಿಗೆ ಬೀಗ.

ಕೊನೆಗೆ ಮಾವ ಪಕ್ಕದಲ್ಲಿದ್ದ ಮೂಟೆಯ ಕಡೆ ನೋಡಿ, ಮೂಟೆಗೇ ಹೇಳುವ ಹಾಗೆ ಹೇಳಿದರು: "ರಸ್ತ ಖಾಲಿ ಇದ್ರ ಯಾರಾದ್ರೂ ಗಾಜು ಕುಟ್ಟಿದ್ರೂ ಆಯ್ತದಪ್ಪ."

ಇಳಿಯದೆ ನಿಂತಿದ್ದ ಆ ಗಾಜಿಗೆ ನಾನು ಕೈ ಬಡಿದೆ. ಕೈತುಂಬ ಗಾಜಿನ ಬಳೆ, ಝಲ್ಲೆಂದು ಸದ್ದಾಯಿತು. ಕಾರು ಗಾಡಿಯನ್ನು ದಾಟಿತು. ಮೂಟೆಯ ಜೊತೆಗಿನ ಮಾತುಕತೆಯಲ್ಲೇ ಮುಂದಿನ ನಿಯಮಗಳೂ ತಯಾರಾದವು. ಒಂದೇ ಸಲ ಕುಟ್ಟಿದರೆ ತಡೆಯಬೇಕು, ಬಿಡದೆ ಕುಟ್ಟಿದರೆ ಬರಬಹುದು. ಎಷ್ಟೋ ತಿಂಗಳು ಹೀಗೇ ನಡೆಯಿತು. ಮಾವ ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಗೂಡು ಸಿಗದ ದಿನವೂ ಹನೂರಿಗೆ ಬರುತ್ತಿದ್ದರು, ಖಾಲಿ ಚೀಲ ಮುಂದೆ ಇಟ್ಟುಕೊಂಡು. ಚೀಲ ಇಲ್ಲದಿದ್ದರೆ ಯಾರ ಜೊತೆ ಮಾತಾಡುವುದು? ನೆನೆದರೆ ಈಗಲೂ ನಗು ಬರುತ್ತದೆ, ನಗುವಿನ ಹಿಂದೆಯೇ ಕಣ್ಣೂ ಒದ್ದೆಯಾಗುತ್ತದೆ. ಅವರ ಋಣ ದೊಡ್ಡದು.

ದೀಪ ತಪ್ಪುವ ದಿನ ಬಂದೇ ಬಂತು. ಮುಂದೆ ಕಬ್ಬಿನ ಗಾಡಿ, ಎದುರಿನಿಂದ ಬಿದಿರು ತುಂಬಿದ ಲಾರಿ. ನಾನು ಲಾರಿಯನ್ನು ನೋಡಿದೆ. ಹೆದರಿಕೆಯಲ್ಲಿ ಒಂದೇ ಏಟು, ಆದರೆ ಜೋರಾಗಿ ಹೊಡೆದೆ. ಬಳೆಗಳು ಒಡೆದು ಚೂರುಗಳು ಗಾಜಿನ ಮೇಲೆಲ್ಲ ಸಿಡಿದವು. ಆ ಚಟಪಟ ಸದ್ದು ಮಾವನಿಗೆ ಬಿಡದೆ ಕುಟ್ಟಿದ ಹಾಗೆ ಕೇಳಿಸಿರಬೇಕು. ಕಾರನ್ನು ಬಲಕ್ಕೆ ತೆಗೆದೇಬಿಟ್ಟರು. ನಾನು ಬಾಯಿ ತೆರೆದೆ, ಸ್ವರ ಬರಲಿಲ್ಲ. ಸತ್ಯವಾಗಿ ಹೇಳುತ್ತೇನೆ, ಸಾವು ಎದುರಿಗಿದ್ದರೂ ಮಾವನ ಮುಂದೆ ನನ್ನ ಗಂಟಲು ಏಳಲಿಲ್ಲ. ಲಾರಿಯವನು ಹಾರನ್ ಒತ್ತಿದ್ದೇ ನಮ್ಮ ಪುಣ್ಯ. ಮಾವ ಕಾರನ್ನು ರಸ್ತೆ ದಾಟಿಸಿ ಬಲಗಡೆಯ ರಾಗಿ ಹೊಲಕ್ಕೆ ಇಳಿಸಿದರು. ಲಾರಿ ಪಕ್ಕದಲ್ಲೇ ಹೋಯಿತು.

ಯಾರಿಗೂ ಏನೂ ಆಗಲಿಲ್ಲ. ಒಂದು ಹೆಡ್‌ಲೈಟಿನ ಬಳೆ ಸೊಟ್ಟಗಾಗಿತ್ತು, ನನ್ನ ಕೈ ತರಚಿತ್ತು. ಹೊಲದಲ್ಲಿದ್ದವರು ಬೈಯುತ್ತಲೇ ಬಂದು ಕಾರನ್ನು ತಳ್ಳಿ ರಸ್ತೆಗೆ ಹತ್ತಿಸಿದರು. ಮನೆ ಸೇರಿದಾಗ ಕತ್ತಲು ಕವಿದಿತ್ತು. ಅತ್ತೆ ತಾವೇ ದೀಪ ಹಚ್ಚಿ ಬಾಗಿಲಲ್ಲಿ ನಿಂತಿದ್ದರು. ತಡವಾದದ್ದಕ್ಕೆ ಬೈಯಲು ಬಾಯಿ ತೆರೆದವರು ನನ್ನ ಕೈ ನೋಡಿ ನಿಂತರು.

"ಯಾನವ್ವಾ ಇದು? ಮುತ್ತೈದೆ ಕೈ ಬೋಳ್ಸ್ಕಂಡು ಬಂದಿದ್ದೀಯಲ್ಲಾ!"

ಮಾವ ಪಕ್ಕದಲ್ಲೇ ಇದ್ದರು, ನನ್ನ ಬಾಯಿ ಮತ್ತೆ ಮುಚ್ಚಿತು. ಮಾವ "ಗಾಡಿ ಹೊಲಕ್ಕ ಇಳೀತು" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ಅತ್ತೆ ಒಳಗಿನಿಂದ ಬಳೆ ತಂದು ತಾವೇ ತೊಡಿಸಿದರು. "ದೀಪಾನೂ ತಪ್ತು, ಬಳೇನೂ ಒಡೀತು. ಸಾಕು ಈ ಕೆಲ್ಸ. ನಾಳ ನಾನೇ ಬಂದು ಎಡ್ಮಾಷ್ಟ್ರಿಗ ಯೋಳ್ತೀನಿ, ನಮ್ಮ ಸೊಸೆ ಇನ್ಮೇಲ ಬರದಿಲ್ಲ ಅಂತ" ಎಂದರು. ನಾನು ಅಡುಗೆಮನೆಯಲ್ಲಿ ಒಲೆಯ ಹೊಗೆಯ ನೆಪದಲ್ಲಿ ಕಣ್ಣೀರು ಹಾಕಿದೆ.

ಮಾರನೆಯ ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆ ಉಟ್ಟು ಕಾರು ಹತ್ತಿದರು. ಅಷ್ಟು ವರ್ಷದಲ್ಲಿ ಅವರು ಆ ಕಾರಿನಲ್ಲಿ ಕೂತದ್ದು ಅದೇ ಮೊದಲು. ಹಿಂದಿನ ಸೀಟಿನಲ್ಲಿ ಅವರು ಬಲಗಡೆ, ನಾನು ಎಡಗಡೆ. ಕಾಮಗೆರೆ ಹತ್ತಿರ ಒಂದು ಎತ್ತಿನ ಗಾಡಿ ಸಿಕ್ಕಿತು. ಮಾವ ಅದರ ಹಿಂದೆ ಬಿದ್ದರು, ಬಿದ್ದವರು ಬಿದ್ದೇ ಇದ್ದರು. ಹಿಂದಿನಿಂದ ಬಂದ ಬಸ್ಸು ನಮ್ಮನ್ನೂ ಗಾಡಿಯನ್ನೂ ದಾಟಿ ಹೋಯಿತು. ಬಸ್ಸಿನೊಳಗಿನ ಮಂದಿ ಕಾರನ್ನು ನೋಡಿ ನಗುತ್ತಿದ್ದರು. ಅತ್ತೆಗೆ ಮುಖಭಂಗವಾಯಿತು.

"ಯಾಕವ್ವ ಇಂಗ ಎತ್ತಿನ ಬಾಲ ಇಡ್ಕಂಡು ಓಯ್ತಾರ ಇವ್ರು?" ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದರು.

ನಾನೂ ಪಿಸುಮಾತಿನಲ್ಲೇ ಹೇಳಿದೆ. ಮಾವನಿಗೆ ಆ ಕಡೆ ಕಾಣುವುದಿಲ್ಲ, ಬಲಗಡೆಯವರು ನೋಡಿ ಹೇಳಬೇಕು, ನಾನು ಬಳೆ ಕುಟ್ಟುತ್ತಿದ್ದೆ, ನಿನ್ನೆ ಬಳೆ ಒಡೆದದ್ದು ಹೀಗೆ. ಅತ್ತೆ ಕೇಳಿಸಿಕೊಂಡರು. ಕುಟ್ಟಲೂ ಇಲ್ಲ, ಮಾತಾಡಲೂ ಇಲ್ಲ. ಗಂಡನನ್ನು ಬೀದಿಯಲ್ಲಿ ಕೂಗಿ ಕರೆದವರಲ್ಲ ಅವರೂ. ಗಾಡಿ ತನ್ನ ಹೊಲಕ್ಕೆ ತಿರುಗುವ ತನಕ ನಾವು ಮೂವರೂ ಅದರ ಹಿಂದೆಯೇ ಹೋದೆವು.

ಸ್ಕೂಲಿಗೆ ಹೋದರೆ ಹೆಡ್‌ಮಾಸ್ಟರು ಆಫೀಸಿನ ಕೆಲಸಕ್ಕೆ ಹೋಗಿದ್ದರು, ಮಧ್ಯಾಹ್ನ ಬರುತ್ತಾರೆ ಎಂದರು. ಮಾವ ಲೊಕ್ಕನಹಳ್ಳಿಗೆ ಗೂಡು ನೋಡಲು ಹೊರಟರು. ಅತ್ತೆಗೆ ಜಗುಲಿಯ ಮೇಲೆ, ನನ್ನ ಕ್ಲಾಸಿನ ಕಿಟಕಿಯ ಪಕ್ಕ ಒಂದು ಬೆಂಚು ಹಾಕಿಸಿದೆ. ಕಡೆಯ ದಿನ ತಾನೆ, ಚೆನ್ನಾಗಿಯೇ ಪಾಠ ಮಾಡೋಣ ಎಂದುಕೊಂಡು ಒಳಗೆ ಹೋದೆ. ನನ್ನ ಕ್ಲಾಸಿನಲ್ಲಿ ತಮಿಳು ಮನೆಮಾತಿನ ಮಕ್ಕಳೂ ಇದ್ದರು, ಕನ್ನಡ ಅವರಿಗೆ ನಿಧಾನಕ್ಕೆ ಹತ್ತುತ್ತಿತ್ತು. ಕಡೆಯ ಸಾಲಿನವರೆಗೂ ಮುಟ್ಟಬೇಕಾದರೆ ಗಂಟಲು ಬೇಕು. ಮಗ್ಗಿ ಹೇಳಿಸಿದೆ, ಪದ್ಯ ಹೇಳಿಸಿದೆ, ಚಾವಣಿ ಹಾರುವ ಹಾಗೆ ಗದರಿಸಿದೆ, ಇಬ್ಬರು ಹುಡುಗಿಯರನ್ನು ಹೊಗಳಿದೆ. ಪಾಠದ ಗುಂಗಿನಲ್ಲಿ ಹೊರಗೆ ಅತ್ತೆ ಇರುವುದೇ ಮರೆತಿತ್ತು.

ಕ್ಲಾಸು ಬಿಟ್ಟಾಗ ಹೊರಗೆ ಬಂದರೆ ಅತ್ತೆ ಕಿಟಕಿಗೆ ಇನ್ನೂ ಹತ್ತಿರ ಬೆಂಚು ಎಳೆದುಕೊಂಡು ಕೂತಿದ್ದರು. ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದರು.

"ಇಷ್ಟು ಗಂಟ್ಲು ಅದಾ ನಿಂಗ?"

ಮನೆಯಲ್ಲಿ ನನ್ನ ದನಿಯನ್ನು ಅವರು ಪಿಸುಮಾತಿನಲ್ಲಲ್ಲದೆ ಕೇಳಿಯೇ ಇರಲಿಲ್ಲ.

ಮಧ್ಯಾಹ್ನ ಹೆಡ್‌ಮಾಸ್ಟರು ಬಂದರು. ಅತ್ತೆ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. "ಸಾ, ನೀರಿನ ಮಡಕೆ ಬಿಸಿಲಲ್ಲಿ ಇಟ್ಟಿದ್ದೀರಿ. ಮಕ್ಕ ಬಿಸಿನೀರು ಕುಡೀತಾವ. ಜಗುಲಿ ಮೇಲ ನೆಳ್ಳಿಗ ಇಡ್ಸಿ" ಎಂದರು. ಇನ್ನೇನಾದರೂ ಹೇಳುವುದಿತ್ತೇ ಎಂದು ಅವರು ಕೇಳಿದರು. "ಇಲ್ಲ ಸಾ, ಅಷ್ಟಕ್ಕೇ ಬಂದಿದ್ದಿ" ಎಂದು ಅತ್ತೆ ಕೂತರು.

ಆ ದಿನ ಮಾವನಿಗೆ ಗೂಡಿನ ತೂಕ ಮುಗಿಯುವುದು ತಡವಾಯಿತು. ಅವರು ಬಂದಾಗ ಹೊತ್ತು ಇಳಿದಿತ್ತು. ಅತ್ತೆ ಕಾರಿನ ಬಲಬಾಗಿಲು ತೆಗೆದು ನನ್ನನ್ನು ಒಳಕ್ಕೆ ತಳ್ಳಿ, ತಾವು ಸುತ್ತಿ ಬಂದು ಎಡಗಡೆ ಕೂತರು. ಊರು ದಾಟುವುದರೊಳಗೆ ಹುಲ್ಲಿನ ಗಾಡಿಗಳ ಸಾಲು ಸಿಕ್ಕಿತು. ಮಾವ ನಿಧಾನ ಮಾಡಿದರು. ಅಭ್ಯಾಸಬಲ, ನನ್ನ ಕೈ ಗಾಜಿನ ಕಡೆ ಹೋಯಿತು. ಅತ್ತೆ ಆ ಕೈ ಹಿಡಿದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಬಾಯಲ್ಲಿ ಯೋಳು."

ನಾನು ಅವರ ಮುಖ ನೋಡಿದೆ.

"ನಮ್ಮ ಮಾವ್ನೋರ ಮುಂದ ನಾನೂ ಪಾತ್ರ ಕುಟ್ಟಿ ಕುಟ್ಟೇ ಬಾಳ್ದೋಳು ಕಣವ್ವ. ಅವ್ರು ಸಾಯೋ ಗಂಟ ನನ್ನ ದನಿ ಹೆಂಗದ ಅಂತ ಅವ್ರಿಗ ಗೊತ್ತಾಗ್ನಿಲ್ಲ. ನಿನ್ನ ಬಾಯಿ ಮುಚ್ಸಿ ನಾನು ನಿನ್ನೆ ಇಬ್ರನ್ನೂ ಕಳ್ಕತಿದ್ದಿ. ಯೋಳು, ಸ್ಕೂಲಲ್ಲಿ ಯೋಳ್ದಂಗ ಯೋಳು."

ನಾನು ಬಗ್ಗಿ ನೋಡಿದೆ. ರಸ್ತೆ ಖಾಲಿ. "ಬನ್ನಿ ಮಾವ" ಎಂದೆ. ನಾನು ಅವರಿಗೆ ಆಡಿದ ಮೊದಲ ಮಾತು ಅದು. ಅವರು ತಿರುಗಿ ನೋಡಲಿಲ್ಲ. "ಬಂದೆ ಕಣವ್ವ" ಎಂದರು, ಮೂಟೆಗಲ್ಲ, ನನಗೇ. ದಾರಿಯುದ್ದಕ್ಕೂ ನಾನು "ತಡೀರಿ", "ಬನ್ನಿ", "ಸೈಕಲ್ ಬತ್ತಾ ಅದ" ಎಂದು ಕೂಗುತ್ತ ಬಂದೆ. ನಡುವೆ ಅತ್ತೆಗೂ ಹುರುಪು ಬಂದು "ಬನ್ರೀ, ಯಾನೂ ಇಲ್ಲ!" ಎಂದುಬಿಟ್ಟರು. ಎಡಗಡೆ ಕೂತ ಅವರಿಗೆ ಕಾಣುತ್ತಿದ್ದದ್ದು ಹುಲ್ಲು ಮಾತ್ರ. ಮೂವರೂ ನಕ್ಕೆವು.

ಆಮೇಲೆ ಎಪ್ಪತ್ತರ ದಶಕದಲ್ಲಿ ಪೆಟ್ರೋಲು ದುಬಾರಿಯಾಗಿ ಮಾವ ಆ ಕಾರನ್ನು ಯಾರಿಗೋ ಕೊಟ್ಟುಬಿಡುವವರೆಗೂ ನಾನು ಅದರಲ್ಲಿ ಹೋಗಿಬಂದೆ, ಕಾರು ಹೋದ ಮೇಲೆ ಬಸ್ಸಿನಲ್ಲಿ ಹೋಗಿಬಂದೆ. ರಿಟೈರ್ ಆಗುವ ತನಕ ಮೇಡಂ ಎನಿಸಿಕೊಂಡೆ. ನನಗೆ ಓದು ಕೊಟ್ಟದ್ದು ಮಾಂಬಳ್ಳಿಯ ಅಪ್ಪ, ದಾರಿ ಕೊಟ್ಟದ್ದು ಮಾವ. ಆದರೆ ಆ ದಿನ ಮನೆ ಮುಟ್ಟಿದಾಗ ನಡೆದದ್ದನ್ನು ಹೇಳದಿದ್ದರೆ ಅತ್ತೆಗೆ ಅನ್ಯಾಯವಾಗುತ್ತದೆ.

ಕತ್ತಲಾಗಿತ್ತು. ಮನೆಯಲ್ಲಿ ಹೆಂಗಸರು ಯಾರೂ ಇರಲಿಲ್ಲ, ಇದ್ದವರಿಬ್ಬರೂ ಕಾರಿನಲ್ಲಿದ್ದೆವು. ಒಳಗೆ ಕಾಲಿಟ್ಟರೆ ದೇವರ ಮುಂದೆ ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ನಮ್ಮ ಯಜಮಾನರು ಬೆಂಕಿಪೊಟ್ಟಣ ಹಿಡಿದು, ತಪ್ಪು ಮಾಡಿದವರಂತೆ ನಿಂತಿದ್ದರು. ಎಣ್ಣೆ ತುಂಬಿ ತುಳುಕಿ ನೆಲಕ್ಕೆಲ್ಲ ಇಳಿದಿತ್ತು, ಬತ್ತಿ ಕೋಲಿನಷ್ಟು ದಪ್ಪ. ಸೊಸೆಯೇ ಹಚ್ಚಬೇಕಾಗಿದ್ದ ದೀಪ ಅದು. ಅತ್ತೆ ದೀಪದ ಮುಂದೆ ನಿಂತು ನೋಡಿದರು. ಆಮೇಲೆ ಕೈ ಮುಗಿದರು.

"ಇವ್ನು ಹಚ್ಚುದ್ರೂ ಉರೀತದಲ್ಲವ್ವ" ಎಂದರು.